ಊದೋ ಮೇಷ್ಟ್ರ ಸನ್ಮಾನ

ಟಕ್. ಟಕ ಟಕ್. ಮಗಳಿಗೆ ಎಚ್ಚರವಾಯಿತು. ಊರೆಲ್ಲ ಮಲಗಿದ್ದ ಹೊತ್ತಿನಲ್ಲಿ ಪಕ್ಕದ ಕೋಣೆಯಿಂದ ಬರುತ್ತಿದ್ದ ಆ ಸದ್ದು ಟ್ರಂಪೆಟ್ಟಿನ ಮೂರು ಗುಂಡಿಗಳದೆಂದು ಅವಳಿಗೆ ಕೂಡಲೇ ಗೊತ್ತಾಯಿತು. ಊದದೆ ಬರೀ ಒತ್ತಿದರೆ ಹಾಗೆ ಕೇಳಿಸುತ್ತದೆ.

ಬಾಗಿಲು ತಳ್ಳಿದಳು. ಅಪ್ಪ ಮಂಚದ ಅಂಚಿನಲ್ಲಿ ಕೂತು, ವಾದ್ಯವನ್ನು ಎದೆಗಾನಿಸಿಕೊಂಡು ಬೆರಳಾಡಿಸುತ್ತಿದ್ದರು. ಹೋದ ವರ್ಷದ ಪಾರ್ಶ್ವವಾಯು ಅವರ ಕೈಕಾಲು ಬಿಟ್ಟು ತುಟಿಯ ಎಡಮೂಲೆಯನ್ನಷ್ಟೇ ಕಿತ್ತುಕೊಂಡಿತ್ತು. ನೀರು ಕುಡಿದರೂ ಅಲ್ಲಿಂದ ಸೋರುತ್ತಿತ್ತು. ಊದುವುದು ಮುಗಿದ ಮಾತು.

"ನಾಳೆ ನಾಟಕಕ್ಕೆ ತಾಲೀಮಾ?"

"ಮಲ್ಕೋ ಹೋಗು ಮರಿ."

"ಆಗಲ್ಲ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪ? ಆ ಮನುಷ್ಯ ನಿನ್ನ ಕ್ಲಾಸಿಗೆ ಬೀಗ ಜಡಿದೋನು!"

"ಬೀಗ ಜಡಿದೋನೇ ಈಗ ಬಾಗಿಲು ತೆಗೀತಿದಾನೆ. ಸುಮ್ನಿರು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ಊರಿನ ಮಕ್ಕಳಿಗೆ, ಪ್ರತಿ ಸಲವೂ ಹೊಸದಾಗಿ ಕಟ್ಟಿ ನುಡಿಸಬೇಕಾದ ಜಾಝ್ ಕಲಿಸಿ, ಅವರನ್ನೇ ಸೇರಿಸಿ ಬ್ಯಾಂಡ್ ಕಟ್ಟಿದವರು ಅಪ್ಪ. ಊರಿಗೆಲ್ಲ ಊದೋ ಮೇಷ್ಟ್ರು. 'ಗಲಾಟೆ' ಎಂದು ಕಾಲೇಜಿನ ಆ ತರಗತಿಯನ್ನು ಮುಚ್ಚಿಸಿದ ಪ್ರಿನ್ಸಿಪಾಲರು, ಹಳೆಯ ವಿದ್ಯಾರ್ಥಿಗಳು ಬೆನ್ನು ಬಿಡದಿದ್ದಾಗ ಸಭಾಂಗಣಕ್ಕೆ ಅಪ್ಪನ ಹೆಸರಿಡಲು ಒಪ್ಪಿದ್ದರು. ಮನೆಗೆ ಬಂದು, ಕಾಲ ಮೇಲೆ ಕಾಲು ಹಾಕಿ ಕೂತು ಹೇಳಿದ್ದರು: "ನಿಮ್ಮ ಹಳೇ ರೆಕಾರ್ಡ್ ಹಾಕ್ತೀವಿ ಮೇಷ್ಟ್ರೇ. ನೀವು ತುಟಿಗೆ ಹಿಡ್ಕೊಂಡು ನಿಂತ್ರೆ ಸಾಕು. ಯಾರಿಗ್ ಗೊತ್ತಾಗುತ್ತೆ?" ಅಪ್ಪ ತಲೆಯಾಡಿಸಿದ್ದರು.

"ಹಿಂದಿನ ವಾರ ನುಡಿಸಿದ್ದನ್ನೇ ಮತ್ತೆ ನುಡಿಸಿದೆ ಅಂತ ಎಲ್ಲರೆದುರು ನನ್ನನ್ನ ಹೊರಗೆ ನಿಲ್ಲಿಸಿದ್ದೆ, ನೆನಪಿದೆಯಾ?" ಎಂದಳು. "ಸ್ವಂತ ಮಗಳನ್ನ! ಈಗ ನಿನ್ನನ್ನ ಯಾರು ಹೊರಗೆ ನಿಲ್ಲಿಸ್ತಾರೆ?"

ಅಪ್ಪ ದೀಪ ಆರಿಸಿದರು.

ಮರುದಿನ ಸಭಾಂಗಣ ಕಿಕ್ಕಿರಿದಿತ್ತು. "ನಾನಂತೂ ಮೇಷ್ಟ್ರ ಮೊದಲ ಅಭಿಮಾನಿ," ಎಂದು ಪ್ರಿನ್ಸಿಪಾಲರು ಮೈಕಿನಲ್ಲಿ ಹೇಳಿದಾಗ ಮುಂದಿನ ಸಾಲಿನಲ್ಲಿದ್ದ ಅವಳು ಹಲ್ಲು ಕಚ್ಚಿದಳು. ಫಲಕದ ಪರದೆ ಸರಿಯಿತು. ರೆಕಾರ್ಡ್ ಶುರುವಾಯಿತು. ಅಪ್ಪ ಟ್ರಂಪೆಟ್ ಎತ್ತಿದರು. ಅವಳು ನಾಚಿಕೆಯಿಂದ ನೆಲ ನೋಡಿದಳು.

ಆ ಹಾಡು ಅವಳಿಗೆ ಬಾಯಿಪಾಠ. ನಡುವೆ ಒಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಎಳೆಯುವ ಜಾಗವಿತ್ತು. ಅದು ಬಂದಾಗ ತಡೆಯಲಾರದೆ ತಲೆಯೆತ್ತಿದಳು. ಬೆರಳುಗಳು ನಿಲ್ಲಬೇಕಿತ್ತು. ನಿಂತಿರಲಿಲ್ಲ. ಓಡುತ್ತಿದ್ದವು.

ಮರೆತುಬಿಟ್ಟರೇ? ಗಾಬರಿಯಿಂದ ಸುತ್ತ ನೋಡಿದಳು. ಎಲ್ಲರೂ ತಲೆದೂಗುತ್ತಿದ್ದರು, ಕೆಲವರು ಮೊಬೈಲ್ ಎತ್ತಿ ಹಿಡಿದಿದ್ದರು. ಮತ್ತೆ ವೇದಿಕೆಯತ್ತ ತಿರುಗಿದಳು. ಬ್ಯಾಂಡಿನಲ್ಲಿ ಎರಡನೇ ಟ್ರಂಪೆಟ್ಟಾಗಿ ವರ್ಷಗಟ್ಟಲೆ ಅಪ್ಪನ ಪಕ್ಕದಲ್ಲಿ ಕೂತು ಆ ಬೆರಳುಗಳನ್ನು ಓದಿದವಳು ಅವಳು. ಇದು ತಪ್ಪಲ್ಲ. ರೆಕಾರ್ಡಿನ ಡ್ರಮ್ಮಿಗೆ ಸರಿಯಾಗಿ, ಆದರೆ ಎಲ್ಲೂ ಕೇಳಿರದ ಬೇರೆಯದೇ ನುಡಿಸುವಿಕೆ. ಸ್ಪೀಕರಿನಲ್ಲಿ ಜೇನಿನಂಥ ನಾದ ಇಳಿಯುತ್ತಿದ್ದರೆ ಅಪ್ಪನ ಬೆರಳುಗಳು ಜಗಳಕ್ಕೆ ನಿಂತಿದ್ದವು. ಕುಟ್ಟುತ್ತಿದ್ದವು, ಉಗಿಯುತ್ತಿದ್ದವು, ಒಂದೇ ಬೈಗುಳವನ್ನು ಮೂರು ಥರ ತಿರುಗಿಸಿ ಮುಖಕ್ಕೆ ಎಸೆಯುತ್ತಿದ್ದವು. ಕೊನೆಯ ಸ್ವರದಲ್ಲಿ ಮಾತ್ರ ರೆಕಾರ್ಡಿನೊಂದಿಗೆ ಬಂದು ನಿಂತವು.

ಚಪ್ಪಾಳೆಯೋ ಚಪ್ಪಾಳೆ. ಪ್ರಿನ್ಸಿಪಾಲರು ಕಣ್ಣೊರೆಸಿಕೊಳ್ಳುತ್ತ ಕೆಳಗಿಳಿದು ಬಂದರು. "ನೋಡಿದ್ರೇನಮ್ಮ? ಒಂದಿಷ್ಟಾದ್ರೂ ಆಚೀಚೆ ಆಯ್ತಾ? ನಾ ಹೇಳಲಿಲ್ವಾ, ಯಾರಿಗೂ ಗೊತ್ತಾಗಲ್ಲ ಅಂತ!"

ಉತ್ತರ ನಾಲಿಗೆಯ ತುದಿಗೆ ಬಂತು. ವೇದಿಕೆಯ ಮೇಲೆ ಅಪ್ಪ ತುಟಿಯ ಎಡಮೂಲೆಯನ್ನು ತೋಳಿಗೆ ಒರೆಸಿಕೊಳ್ಳುತ್ತಿದ್ದರು. ಈ ಕಡೆ ನೋಡಲಿಲ್ಲ.

"ಇಲ್ಲ ಸರ್," ಎಂದಳು. "ಯಾರಿಗೂ ಗೊತ್ತಾಗಲಿಲ್ಲ."

ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದಳು, ಅಪ್ಪನಿಗೂ. ಮಡಿಲಲ್ಲಿದ್ದ ಚೀಲದ ಹಿಡಿಯ ಮೇಲೆ ಅವಳ ಮೂರು ಬೆರಳುಗಳು, ನೆನಪಿದ್ದಷ್ಟನ್ನು, ಮೆಲ್ಲಗೆ ಒತ್ತತೊಡಗಿದವು.