ಗೋಣಿನಿಂದ ಕೆಳಗೆ

ಅಂಗಿ ತೊಟ್ಟ ಕಾಡಪ್ಪನ ಫೋಟೋ ಒಂದೂ ಇರಲಿಲ್ಲ. ತೊಡದಿದ್ದದ್ದು ಒಂದಿತ್ತು.

ಅದು ಎರಡು ರಟ್ಟುಗಳ ನಡುವೆ, ಅವನ ಮಗ ಶಟ್ಟೆಪ್ಪನ ತೊಡೆಯ ಮೇಲಿತ್ತು. ಸವದತ್ತಿಯಿಂದ ಬೈಲಹೊಂಗಲಕ್ಕೆ ಹೊರಟ ಬಸ್ಸು ಪ್ರತಿ ತಗ್ಗಿಗೂ ಎತ್ತಿ ಹಾಕುತ್ತಿತ್ತು. ಅವನು ಎರಡೂ ಕೈಯಿಂದ ರಟ್ಟನ್ನು ಒತ್ತಿ ಹಿಡಿದಿದ್ದ. ಪಕ್ಕದಲ್ಲಿ ಕೂತವನು ಬಹಳ ಹೊತ್ತು ತಡೆದುಕೊಂಡು ಕೇಳಿದ:

"ಏನ್ರಿ ಮಾಸ್ತರ ಅದು, ನಕಾಶೆ ಏನು?"

"ಹೂಂ, ನಕಾಶೆ."

ಅಪ್ಪ ಸತ್ತು ಹದಿನೈದು ದಿನವಾಗಿತ್ತು. ನಾಳೆ ಮುರಗೋಡದ ಮನೆಯಲ್ಲಿ ಬುದ್ಧವಂದನೆ ಹೇಳಿ ಫೋಟೋಕ್ಕೆ ಹೂ ಹಾಕಬೇಕು. ದೊಡ್ಡಪ್ಪ ಶಂಕ್ರೆಪ್ಪ ಕಡ್ಡಿ ಮುರಿದಂತೆ ಹೇಳಿದ್ದ: "ಎಲ್ಲಿಂದರ ತಾ. ಬಾಬಾಸಾಹೇಬರ ಮಗ್ಗಲಕ ಇಡೂದು. ಮೈಮ್ಯಾಲೆ ಕೋಟು ಇರಬೇಕು. ನಮ್ಮ ಹಿರ್ಯಾರು ಬರಿ ಮೈಲೆ ಬಾಳಿದ್ದು ಸಾಕು, ಸತ್ತ ಮ್ಯಾಲರ ಮುಚ್ಚೂಣು."

ಆಗ ಶಟ್ಟೆಪ್ಪನಿಗೆ ತನ್ನ ಟ್ರಂಕಿನ ತಳದಲ್ಲಿದ್ದ ಈ ಫೋಟೋ ನೆನಪಾಯಿತು. ನೆನಪಾಯಿತು ಅನ್ನುವುದು ಸುಳ್ಳು. ಏಳು ವರ್ಷದಿಂದ ಅವನು ಆ ಟ್ರಂಕಿನೊಳಗಿಂದ ಬಟ್ಟೆ ತೆಗೆಯುವಾಗಲೆಲ್ಲ ಬೆರಳು ತಳಕ್ಕೆ ತಾಗದಂತೆ ತೆಗೆಯುತ್ತಿದ್ದ.

ಯಮನಪ್ಪನ ಫೋಟೋ ಸ್ಟುಡಿಯೋ ಬೈಲಹೊಂಗಲದ ಹತ್ತಿ ಪೇಟೆಯ ಮೂಲೆಯಲ್ಲಿತ್ತು. ಸತ್ತವರಿಗೆ ಕೋಟು ತೊಡಿಸುವುದರಲ್ಲಿ ಸುತ್ತ ನಾಲ್ಕು ತಾಲೂಕಿನಲ್ಲಿ ಅವನಿಗೆ ಹೆಸರಿತ್ತು. ಹೊರಗಿನ ಗಾಜಿನ ಕಪಾಟಿನಲ್ಲಿ ಕೂಸುಗಳ ಫೋಟೋ ಸಾಲಾಗಿದ್ದವು. ಎಲ್ಲ ಗಂಡು ಕೂಸುಗಳು, ಗಂಡೆಂಬುದು ದಾರಿಯಲ್ಲಿ ಹೋಗುವವರಿಗೂ ಕಾಣುವಂತೆ ಕೂಡಿಸಿದ್ದವು. ಬೆಳ್ಳಿಯ ಉಡದಾರ ಬಿಟ್ಟರೆ ಮೈಮೇಲೆ ಏನೂ ಇಲ್ಲ. ಮೇಲಿನ ಸಾಲಿನಲ್ಲಿ ಲಂಗೋಟಿಯ ಪೈಲ್ವಾನನೊಬ್ಬ ಗದೆ ಹೊತ್ತು ನಿಂತಿದ್ದ. ಪೇಟೆಯಲ್ಲಿ ಇದುವರೆಗೆ ಯಾರೂ ತಕರಾರು ಮಾಡಿರಲಿಲ್ಲ.

ಯಮನಪ್ಪ ರಟ್ಟು ಬಿಚ್ಚಿದ. ನೋಡಿದ. ಎದ್ದುಹೋಗಿ ಬಾಗಿಲ ಪರದೆ ಎಳೆದು ಬಂದ.

"ಇದೇನ್ರಿ ಮಾಸ್ತರ!"

"ಕಲಾ ಅಭ್ಯಾಸದ್ದು."

"ಅಭ್ಯಾಸ ನಿಮ್ಮದು. ಧೋತರ ಹೋದದ್ದು ಇಂವಂದು."

"ಹೊರಗ ನೀವೂ ಇಟ್ಟೀರಲ್ಲ, ಕೂಸುಗೋಳನ್ನ."

"ಎರಡು ವರ್ಷದ ತನಕಾ ಕೃಷ್ಣ ಪರಮಾತ್ಮ," ಯಮನಪ್ಪ ನಕ್ಕ. "ಮುಂದ ಪೋಲೀಸ್ ಕೇಸು."

ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು ನೋಡಿದ. ಅವನ ನಗು ನಿಂತಿತು.

"ಮೈ ಅಂದ್ರ ಮೈ ಐತಿ ಬಿಡ್ರಿ. ಹೊರಿ ಹೊತ್ತ ಮೈ. ಯಾರಿಂವ?"

"ನಮ್ಮೂರಾಂವ."

ಯೋಚಿಸುವ ಮೊದಲೇ ಮಾತು ಹೊರಗೆ ಬಿದ್ದಿತ್ತು. ಇದೇ ಮಾತನ್ನು ಅವನು ಎರಡನೆಯ ಸಲ ಹೇಳುತ್ತಿದ್ದ.

ಮೊದಲನೆಯ ಸಲ ಹೇಳಿದ್ದು ತಾನು ಕಲಿಯುತ್ತಿದ್ದ ಚಿತ್ರಶಾಲೆಯಲ್ಲಿ, ಅರವತ್ತೇಳರಲ್ಲಿ. ಪರೀಕ್ಷೆಗೆ ನಾಲ್ಕು ದಿನವಿತ್ತು, ಮಾಡೆಲ್ ಬಂದಿರಲಿಲ್ಲ. ಅದೇ ಹೊತ್ತಿಗೆ ಕಾಡಪ್ಪ ರೊಟ್ಟಿಯ ಗಂಟು ಹಿಡಿದು, ಚಪ್ಪಲಿ ಕೈಯಲ್ಲಿ ತೆಗೆದುಕೊಂಡು, ಪಡಸಾಲೆಯ ಕೆಳಗೆ ಬಂದು ನಿಂತಿದ್ದ. ಕೊರಳ ತನಕ ಗುಂಡಿ ಹಾಕಿದ ಕೋಟಿನ ಗುರುಗಳು ಕಿಟಕಿಯಿಂದ ಅವನನ್ನು ಕಂಡರು. "ಯಾರವನು? ಎಂಥ ಮೈಕಟ್ಟು!" ಹದಿನಾಲ್ಕು ಹುಡುಗರು ತಿರುಗಿ ನೋಡಿದರು.

"ನಮ್ಮೂರಾಂವ್ರಿ ಸರ್," ಎಂದ ಶಟ್ಟೆಪ್ಪ.

ಕಾಡಪ್ಪ ಮಗನ ಮುಖವನ್ನು ಒಮ್ಮೆ ನೋಡಿದ. ಆಮೇಲೆ ಕೈ ಮುಗಿದ. "ಹೌದ್ರಿ ಸಾಹೇಬರ. ಇವರ ಊರಾಂವ ನಾ."

ಇವರ. ಹುಟ್ಟಿದಾಗಿನಿಂದ ಅಪ್ಪ ಅವನನ್ನು ಶಟ್ಯಾ ಎಂದೇ ಕರೆದಿದ್ದ.

ಮಾಡೆಲ್ ಆಗಿ ನಿಂತವನ ಲಂಗೋಟಿ ರೇಖೆಯನ್ನು ಕತ್ತರಿಸುತ್ತದೆ, ಅದನ್ನೂ ತೆಗೆಯಲಿ, ಇದು ಕಲೆ, ಇದರಲ್ಲಿ ನಾಚಿಕೆ ಎಂಥದು, ಎಂದರು ಗುರುಗಳು. ಕಾಡಪ್ಪ ತೆಗೆದ. ಬಿದಿರ ಕೋಲೊಂದನ್ನು ಊರಿಕೊಂಡು ಎರಡು ತಾಸು ನಿಂತ. ಶಟ್ಟೆಪ್ಪ ಪೆನ್ಸಿಲ್ ಹೆರೆದ. ಎರಡು ಪೆನ್ಸಿಲ್ ಮುಗಿದವು. ಕೊನೆಗೆ ಗುರುಗಳೇ ಕ್ಯಾಮೆರಾ ತಂದು ಒಂದು ಫೋಟೋ ತೆಗೆದರು. ವಾರದ ಮೇಲೆ ಅದನ್ನು ಶಟ್ಟೆಪ್ಪನ ಕೈಗೆ ಕೊಟ್ಟರು. ಹದಿನೈದು ಹಾಳೆಗಳಲ್ಲಿ ಅವನದೊಂದೇ ಖಾಲಿ ಉಳಿದಿತ್ತು.

ಈಗ ಅವನು ಸವದತ್ತಿಯ ಸಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಹೋದ ವರ್ಷ ಹೆಡ್‌ಮಾಸ್ತರರು ವಾಚನಾಲಯದ ಪುಸ್ತಕವೊಂದನ್ನು ತಂದು ಅವನ ಮುಂದಿಟ್ಟಿದ್ದರು. ಅದರಲ್ಲಿ ಗ್ರೀಕ್ ಮೂರ್ತಿಗಳಿದ್ದವು. ಕಪ್ಪು ಮಸಿಯಲ್ಲಿ ಅವನು ಹನ್ನೊಂದು ಚಡ್ಡಿ ಬರೆದುಕೊಟ್ಟಿದ್ದ. "ಕೈ ಭಾಳ ಚೊಲೊ ಐತಿ ನಿಮ್ದು," ಎಂದಿದ್ದರು ಹೆಡ್‌ಮಾಸ್ತರರು.

"ಕತ್ತರಿ ಕೊಡ್ರಿ," ಎಂದ ಶಟ್ಟೆಪ್ಪ.

"ಕಡಿಯೂದ್ಯಾಕ? ಮಾರಿ ಅಷ್ಟ ತಕ್ಕೊತೇನಿ. ಉಳದದ್ದರ ಮ್ಯಾಲ ಕಾಗದ ಮುಚ್ಚಿದ್ರಾತು."

"ಕೊಡ್ರಿ."

"ಭುಜ ಬಿಡ್ರಿ ಮತ್ತ. ಕೋಟು ಕುಂಡ್ರಸಾಕ ಬೇಕಾಕ್ಕಾವು."

ಶಟ್ಟೆಪ್ಪ ಗದ್ದಕ್ಕೆ ತಾಗಿಯೇ ಕತ್ತರಿ ಆಡಿಸಿದ. ಮೂವತ್ತು ವರ್ಷ ಇದೇ ಪೇಟೆಯಲ್ಲಿ ಹತ್ತಿಯ ಅಂಡಿಗೆ, ಹೊತ್ತವನ ಮುಖ ಕಾಣದಂಥ ಮೂಟೆ, ಹೊತ್ತು ಕಾಡಪ್ಪನ ಗೋಣಿನ ಮೇಲೆ ಲಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಕತ್ತರಿ ಅದರ ಮೇಲುಗಡೆ ಹಾದುಹೋಯಿತು.

"ಹೆಸರು?"

"ಕಾಡಪ್ಪ."

"ಮನಿತನ?"

"ಅಷ್ಟ ಸಾಕು."

"ಕೋಟು ಯಾ ಬಣ್ಣದ್ದು?"

"ನೀಲಿ."

"ಸಂಜಿಮುಂದ ಬರ್ರಿ," ಎಂದ ಯಮನಪ್ಪ. ಮೇಜಿನ ಮೇಲೆ ಉಳಿದ ಭಾಗವನ್ನು ಬೆರಳ ತುದಿಯಿಂದ ಅವನ ಕಡೆ ಸರಿಸಿದ. "ಇದನ್ನ ಒಯ್ಯರಿ. ನನ್ನ ಅಂಗಡ್ಯಾಗ ಬ್ಯಾಡ."

ಅದನ್ನು ಜೇಬಿನಲ್ಲಿಟ್ಟುಕೊಂಡು ಶಟ್ಟೆಪ್ಪ ಪೇಟೆಯಲ್ಲಿ ನಡೆದ. ಚಹಾ ಕುಡಿದ. ಜಿನ್ನಿಂಗ್ ಫ್ಯಾಕ್ಟರಿಯ ಹಿಂದೆ ಗಟಾರ ಹರಿಯುತ್ತಿತ್ತು. ನೀರಿನ ಮೇಲೆ ಹತ್ತಿಯ ನೂಲೆಳೆಗಳು ಕೆನೆಗಟ್ಟಿದ್ದವು. ಅಲ್ಲಿ ನಿಂತು ಜೇಬಿನದನ್ನು ತೆಗೆದು ಹರಿದುಹಾಕಿದ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ತುಂಡುಗಳು ತಕ್ಷಣ ಮುಳುಗಲಿಲ್ಲ. ಹತ್ತಿ ಅಂಟಿಕೊಂಡು, ಬೆಳ್ಳಗೆ ಬಟ್ಟೆ ಸುತ್ತಿದಂತಾಗಿ, ನಿಧಾನ ಸಾಗಿದವು.

"ಸರೀರಿ ಸಾಹೇಬರ, ಮೈ ತಾಗೀತು!"

ಅಂಡಿಗೆ ಹೊತ್ತ ಹಮಾಲನೊಬ್ಬ ಹಿಂದಿನಿಂದ ಬರುತ್ತಿದ್ದ. ಬೆವರಿನ ಬರಿ ಬೆನ್ನು. ಶಟ್ಟೆಪ್ಪ ಗೋಡೆಗೆ ಒತ್ತಿ ನಿಂತು ದಾರಿ ಕೊಟ್ಟ. ಅಂಗಿ ಕೊಡವಿಕೊಂಡ. ಅದಕ್ಕೆ ಏನೂ ತಾಗಿರಲಿಲ್ಲ.

ಸಂಜೆಗೆ ಫೋಟೋ ತಯಾರಾಗಿತ್ತು. ನೀಲಿ ಕೋಟು, ಬಿಳಿ ಅಂಗಿ, ಮೇಲಿನ ಕಿಸೆಯಲ್ಲಿ ಪೆನ್ನು. ಗೋಣನ್ನು ಯಮನಪ್ಪ ಹೊಸದಾಗಿಯೇ ಬರೆದಿದ್ದ. ನುಣುಪಾಗಿ, ನೆಟ್ಟಗೆ ಇತ್ತು.

ಮುರಗೋಡದ ಮನೆಯಲ್ಲಿ ದೊಡ್ಡಪ್ಪನಿಗೆ ಸಮಾಧಾನವಾಯಿತು. "ಹಾಂ! ಈಗ ನೋಡು, ಮಾಮಲೇದಾರ ಕಂಡಂಗ ಕಾಣ್ತಾನ ನನ್ನ ತಮ್ಮ." ತಾನೇ ಮೊಳೆ ಹೊಡೆದು ತೂಗುಹಾಕಿದ. ಒಂದು ಮಗ್ಗುಲಿಗೆ ಬಾಬಾಸಾಹೇಬರ ನೀಲಿ ಕೋಟು. ಇನ್ನೊಂದು ಮಗ್ಗುಲಿಗೆ ಕ್ಯಾಲೆಂಡರಿನ ಬುದ್ಧ, ಒಂದು ಭುಜ ಬರಿದು.

ದೊಡ್ಡಪ್ಪ ಹೊರಗೆ ಹೋದ ಮೇಲೆ ಅವ್ವ ಕೃಷ್ಣವ್ವ ಎದ್ದು ಬಂದು ಗೋಡೆಯ ಮುಂದೆ ನಿಂತಳು. ಬಹಳ ಹೊತ್ತು ನಿಂತಳು.

"ಮಾರಿ ಅವರದ ಐತಿ. ಗೋಣು ಯಾರದು?"

"ತಿದ್ದ್ಯಾರ, ಎವ್ವಾ."

"ಪೂರ್ತಿ ಎಲ್ಲೈತಿ?"

"ಯಾ ಪೂರ್ತಿ?"

"ನಿನ್ನ ಸಾಲ್ಯಾಗ ತಗದದ್ದು."

ಶಟ್ಟೆಪ್ಪ ಚೀಲದ ಗುಂಡಿ ಹಾಕಿದ. ಮತ್ತೆ ಬಿಚ್ಚಿದ.

"ಆವತ್ತ ಬಂದು ಹೇಳಿದ್ರಪಾ. ಅಷ್ಟು ಮಂದಿ ದೊಡ್ಡವರ ಮಕ್ಕಳು, ಎರಡು ತಾಸು, ಎವಿ ಬಡೀಲಾರದಂಗ ನೋಡಿದ್ರಂತ. ಮುಟ್ಟಬ್ಯಾಡ ಅಂದ ಮೈನ, ಕೃಷ್ಣೀ, ನೋಡಿ ನೋಡಿ ಬರಕೊಂಡ್ರಲಾ, ಅಂತ ನಕ್ಕರು. ಊಟದಾಗೂ ನಕ್ಕರು."

"ಮತ್ತೇನಂದ?"

"ಮತ್ತೇನಿಲ್ಲ. ಶಟ್ಯಾ ಒಬ್ಬಾಂವ ತಲಿ ಎತ್ತಲಿಲ್ಲ, ಅಂದ್ರು."

ಅವಳು ಗೋಡೆಯ ಕಡೆಗೇ ನೋಡುತ್ತಿದ್ದಳು. ನೀಲಿ ಕೋಟಿನ ತೋಳುಗಳು ಮೊಣಕೈಯ ಮೇಲೆಯೇ ಚೌಕಟ್ಟಿನಲ್ಲಿ ಮುಗಿದುಹೋಗಿದ್ದವು.

"ಅದರಾಗ ಕೈ ಕಾಣ್ತಿದ್ದುವೇನು?" ಎಂದಳು. "ಮಾರಿ ನಾ ಅಷ್ಟು ನೋಡಿಲ್ಲಪಾ. ಅವರು ಬರೂದ್ರಾಗ ಕತ್ತಲಾಗಿರ್ತಿತ್ತು. ಕೈ ನನಗ ಗೊತ್ತು."

ಅವಳು ಕಾಯುತ್ತ ನಿಂತೇ ಇದ್ದಳು. ಏಳು ವರ್ಷದ ಮೇಲೆ ಶಟ್ಟೆಪ್ಪ, ಗಟಾರಕ್ಕೆ ಹೋದ ಆ ಮೈಯನ್ನು ಮನಸ್ಸಿನೊಳಗೆ ಮೊದಲ ಸಲ, ಮೇಲಿನಿಂದ ಕೆಳಗೆ, ಒಂದೊಂದಾಗಿ ನೋಡಿದ.

ಗೋಣಿನ ಗಂಟು ಒಂದು. ಭುಜ ಎರಡು. ಎದೆ ಒಂದು. ಪಾದ ಎರಡು. ಕೊನೆಗೆ ಕೈ ಎರಡು. ಬೆರಳು ಒಂಬತ್ತು, ಹತ್ತನೆಯದನ್ನು ಹತ್ತಿಯ ಯಂತ್ರ ಮೊದಲೇ ತಿಂದಿತ್ತು.