ಗೋಡೆ ಮುಟ್ಟಬಾರದು

ಸಿರುಗುಪ್ಪದ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಡ್ರಿಲ್ ಮಾಸ್ತರನಾಗಿದ್ದವನು ನಾನು. ನಿವೃತ್ತಿಯಾದ ಮೇಲೆ ಕಾಲುವೆ ಏರಿಯಲ್ಲಿ ಜಾರಿ ಕಾಲು ಉಳುಕಿಸಿಕೊಂಡೆ. ಬಾವು ಇಳಿದರೂ ಕುಂಟುವುದು ನಿಲ್ಲಲಿಲ್ಲ. ಹೆಂಡತಿಯ ಕಾಟ ತಾಳಲಾರದೆ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿರುವ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಹೋದೆ. ಊರಿಗೆಲ್ಲ ವ್ಯಾಯಾಮ ಕಲಿಸಿದವನಿಗೆ ಇವರು ವ್ಯಾಯಾಮ ಹೇಳಿಕೊಡುತ್ತಾರಂತೆ!

ಅಲ್ಲಿದ್ದ ಡಾಕ್ಟರಮ್ಮ ನನ್ನ ಹಳೆಯ ವಿದ್ಯಾರ್ಥಿನಿ ಅಕ್ಷಿತಾ. ನಾನು ಮೀಸೆ ತಿರುವಿಕೊಂಡೆ.

"ಉಳುಕಿದ ಕಾಲಿನ ಮ್ಯಾಲ ಮೂವತ್ತು ಸೆಕೆಂಡ್ ನಿಲ್ರಿ ಸರ್," ಅಂದಳು.

"ಇಷ್ಟ ಏನವ್ವಾ?" ಎಂದು ನಕ್ಕು ನಿಂತೆ. ಏಳು ಎಣಿಸುವಷ್ಟರಲ್ಲಿ ಪಾದ ನಡುಗಿತು. ಹತ್ತಕ್ಕೆ ಬೆವರು ಇಳಿಯಿತು.

ಆಗ ನೆನಪಾಯಿತು. ತಡವಾಗಿ ಬಂದ ಮಕ್ಕಳನ್ನು ನಾನು ಇಡೀ ಪಿರಿಯಡ್ಡು ಒಂಟಿ ಕಾಲಲ್ಲಿ ನಿಲ್ಲಿಸುತ್ತಿದ್ದೆ. ಕುರುಗೋಡಿನ ಬಸ್ಸಿಗೆ ಬರುತ್ತಿದ್ದ ಈ ಹುಡುಗಿ ಒಮ್ಮೆ ಸೋತು ಗೋಡೆ ಹಿಡಿದಿದ್ದಕ್ಕೆ ಅಂಗೈಗೆ ಬೆತ್ತದಿಂದ ಬಾರಿಸಿದ್ದೆ.

ತಲೆ ಎತ್ತಲಾಗಲಿಲ್ಲ. ಗೋಡೆ ಗೇಣು ದೂರದಲ್ಲಿತ್ತು, ಮುಟ್ಟುವ ಧೈರ್ಯ ಬರಲಿಲ್ಲ.

ಅಕ್ಷಿತಾ ನನ್ನ ಕೈಯನ್ನು ಮೆಲ್ಲಗೆ ಎತ್ತಿ ಗೋಡೆಯ ಮೇಲಿಟ್ಟಳು.

"ಹಿಡ್ಕೊಳ್ರಿ ಸರ್. ಇಲ್ಲಿ ಯಾರೂ ಹೊಡಿಯಂಗಿಲ್ಲ."