ಅತ್ತೆಯ ಕೈ ನಡುಕ

ನಬ್ಬೋಸಾಳ ಕೈ ನಡುಗುವುದಕ್ಕೆ ಅವಳ ಅಳಿಯನೇ ಕಾರಣ ಎಂದು ಊರು ತೀರ್ಮಾನಿಸಿ ವರ್ಷವಾಗಿತ್ತು. ತೀರ್ಮಾನ ಕೊಟ್ಟವಳು ಯೂನಿಯಾ, ನಬ್ಬೋಸಾಳ ಸತ್ತ ಗಂಡನ ಅಕ್ಕ. ಉಳಿದವರು ತಲೆಯಾಡಿಸಿದರು. ಯೂನಿಯಾ ಬಾಯಿ ತೆರೆದ ಮೇಲೆ ತಲೆಯಾಡಿಸುವುದು ಬಿಟ್ಟರೆ ಬೇರೆ ಕೆಲಸ ಯಾರಿಗೂ ಉಳಿಯುತ್ತಿರಲಿಲ್ಲ.

ಆ ಸೀಮೆಯಲ್ಲಿ ಅಳಿಯನಾದವನು ಅತ್ತೆಯನ್ನು ಮುಟ್ಟಬಾರದು. ಅವಳು ಎದುರು ಬಂದರೆ ದಾರಿ ಬಿಟ್ಟು ಬಾಳೆತೋಟಕ್ಕೆ ಇಳಿಯಬೇಕು. ತಪ್ಪಿದರೆ ಒಬುಕೊ ಎಂಬ ರೋಗ ಹಿಡಿಯುತ್ತದೆ, ಕೈಕಾಲು ನಡುಗುತ್ತವೆ. ಅಳಿಯ ಲುಬೋವಾನಿಗೆ ಇದೆಲ್ಲ ಗೊತ್ತಿತ್ತು. ಆದರೂ ಒಂದು ಸಂಜೆ, ದೊಡ್ಡ ರಸ್ತೆಯಲ್ಲಿ ಲಾರಿಗಳ ನಡುವೆ ಒಂಟಿ ಚಪ್ಪಲಿಯಲ್ಲಿ ನಿಂತು ತನ್ನ ಮನೆ ಎಲ್ಲಿ ಎಂದು ಕಂಡಕಂಡವರನ್ನು ಕೇಳುತ್ತಿದ್ದ ಅತ್ತೆಯನ್ನು ಅವನು ತಾನು ಬಾಡಿಗೆಗೆ ಓಡಿಸುತ್ತಿದ್ದ ಬೈಕಿನ ಹಿಂದೆ ಕೂರಿಸಿಕೊಂಡು ಮನೆ ಸೇರಿಸಿದ. ದಾರಿಯುದ್ದಕ್ಕೂ ಅವಳು ಅವನ ಸೊಂಟ ಹಿಡಿದುಕೊಂಡಿದ್ದಳು. ಮಾರುಕಟ್ಟೆಯಿಂದ ಬರುತ್ತಿದ್ದ ಅರ್ಧ ಊರು ಅದನ್ನು ನೋಡಿತು, ಉಳಿದರ್ಧಕ್ಕೆ ಯೂನಿಯಾ ಹೇಳಿದಳು.

ಕೈ ಅದಕ್ಕೂ ಮೊದಲೇ ನಡುಗುತ್ತಿತ್ತು ಎಂದು ಮಗಳು ನಂತುಮೆ ಹೇಳಿ ಹೇಳಿ ಸೋತಳು. ಅಮ್ಮ ಬಾಳೆಕಾಯಿಯನ್ನು ಮೇಕೆಗೆ ಹಾಕಿ ಸಿಪ್ಪೆಯನ್ನು ಬೇಯಿಸಲು ಶುರು ಮಾಡಿದ್ದೂ, ಸಾವಿನ ಮನೆಯಲ್ಲಿ ಜೋರಾಗಿ ನಕ್ಕದ್ದೂ ಅದಕ್ಕಿಂತ ಮುಂಚೆ. ಆದರೆ ಕೇಳುವವರು ಯಾರು? ಲುಬೋವಾನ ಬೈಕನ್ನು ಹೆಂಗಸರು ಹತ್ತುವುದೇ ಬಿಟ್ಟರು. ಗಂಡನನ್ನು ಬಿಟ್ಟು ತವರಿಗೆ ಬಂದುಬಿಡು ಎಂದು ಯೂನಿಯಾ ವಾರಕ್ಕೊಮ್ಮೆ ಹೇಳಿ ಹೋಗುತ್ತಿದ್ದಳು. ನಂತುಮೆಗೆ ಜಗಳಕ್ಕೂ ತ್ರಾಣ ಇರಲಿಲ್ಲ. ಅಮ್ಮನ ಬಟ್ಟೆ ಒಗೆದು, ಅಮ್ಮನನ್ನು ಹುಡುಕಿ ತಂದು, ಮತ್ತೆ ಒಗೆದು, ದಿನ ಕಳೆಯುತ್ತಿತ್ತು.

ಅಮ್ಮನಿಗೆ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡಾಗ ಮಾತ್ರ ಅವಳು ಯಾರನ್ನೂ ಕೇಳದೆ ಜಿಲ್ಲಾ ಆಸ್ಪತ್ರೆಗೆ ಸೇರಿಸಿದಳು. ರಕ್ತ ತೆಗೆದರು, ಬೆನ್ನಿನಿಂದ ನೀರು ತೆಗೆದರು. ಡಾಕ್ಟರು ಅವಳನ್ನು ಮೂಲೆಗೆ ಕರೆದು ಬೇರೆ ಹೆಸರು ಹೇಳಿದರು. ಸಿಫಿಲಿಸ್. ಊರಲ್ಲಿ ಅದಕ್ಕೆ ಕಬೊಟೊಂಗೊ ಎನ್ನುತ್ತಾರೆ, ಅದೂ ಧ್ವನಿ ತಗ್ಗಿಸಿ.

"ತುಂಬಾ ಹಳೇದಮ್ಮ. ಇಪ್ಪತ್ತು ವರ್ಷದ ಮೇಲೇ ಆಗಿರ್ಬೇಕು. ಈಗ ತಲೆಗೆ ಏರಿದೆ," ಎಂದರು ಡಾಕ್ಟರು. "ಹೋಗಿರೋ ನೆನಪು ಪೂರ್ತಿ ವಾಪಸ್ ಬರುತ್ತೆ ಅಂತ ಹೇಳಲಾರೆ. ಇರೋದನ್ನ ಉಳಿಸ್ಕೋಬಹುದು. ದಿನಾ ಸೂಜಿ, ಎರಡು ವಾರ. ನಡುವೆ ಬಿಡೋ ಹಾಗಿಲ್ಲ."

ಲುಬೋವಾ ಆಸ್ಪತ್ರೆಯ ಅಂಗಳದಲ್ಲಿ, ಅತ್ತೆಯ ಕಣ್ಣಿಗೆ ಬೀಳದಂತೆ, ಮಾವಿನ ಮರದ ಆಚೆ ನಿಂತಿದ್ದ. ನಂತುಮೆ ಹೋಗಿ ಎಲ್ಲವನ್ನೂ ಹೇಳಿದಳು.

"ಊರಿಗೆ ಹೇಳ್ಬಿಡ್ತೀನಿ. ನಿಮ್ಮ ತಲೆ ಮೇಲಿರೋ ಗೂಬೆಯಾದ್ರೂ ಇಳಿಯುತ್ತೆ."

"ಇಳಿದು ಯಾರ ತಲೆ ಮೇಲೆ ಕೂರುತ್ತೆ?" ಎಂದ ಲುಬೋವಾ. "ನಿಮ್ಮಪ್ಪ ಚರ್ಚಿನ ಹಿರಿಯ, ಸತ್ತೂ ಹೋದ್ರು. ಊರು ಅವರ ತಂಟೆಗೆ ಹೋಗಲ್ಲ. ಅತ್ತೆ ಮೈಮಾರಿಕೊಂಡವಳು ಅಂತಾರೆ. ಒಬುಕೊ ಅಂತಾನೇ ಇರ್ಲಿ ಬಿಡು."

ನಂತುಮೆಗೆ ಅವನ ಮೇಲೆ ಸಿಟ್ಟು ಬಂತು, ಅವನು ಹೇಳಿದ್ದು ಸರಿಯಾಗಿತ್ತು ಎಂಬ ಕಾರಣಕ್ಕೆ. ಸಿಟ್ಟು ಮಾಡಿಕೊಳ್ಳಲೂ ಪುರುಸೊತ್ತಿಲ್ಲದೆ ಒಳಗೆ ಓಡಿದಳು. ಸೂಜಿಯ ಕೋಣೆಯಿಂದ ಅಮ್ಮನ ಅಳು ಕೇಳುತ್ತಿತ್ತು.

ಅಮ್ಮ ಬೆಂಚಿನ ಮೂಲೆಗೆ ಒತ್ತಿಕೊಂಡು ಉಡುಪನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಳು. ಕೂದಲು ನೆರೆತ ನರ್ಸಮ್ಮ ಸಿರಿಂಜ್ ಹಿಡಿದು ನಿಂತಿದ್ದರು. ಬಾಳೆಲೆಯಲ್ಲಿ ಕಟ್ಟಿದ, ಬಾಳೆಕಾಯಿ ಬೇಯಿಸಿ ಮಾಡಿದ ಬಿಸಿ ಮಟೋಕೆ ಹೊತ್ತು ಯೂನಿಯಾ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಇಂಥ ಹೊತ್ತಿಗೆ ಅವಳು ತಪ್ಪದೆ ಬರುತ್ತಿದ್ದಳು.

"ಬೈಬೇಡಿ ಸಿಸ್ಟರ್," ಅಮ್ಮ ಗೋಗರೆಯುತ್ತಿದ್ದಳು. "ಇವತ್ತೂ ಒಬ್ಬಳೇ ಬಂದೆ. ಅವರು ಬರಲ್ಲ ಅಂತಾರೆ. ನನಗೇನೂ ಆಗಿಲ್ಲ, ನೀನು ಬೇಕಾದ್ರೆ ಚುಚ್ಚಿಸ್ಕೋ ಅಂತಾರೆ. ನಾಳೆ ಹೇಗಾದ್ರೂ ಕರ್ಕೊಂಡು ಬರ್ತೀನಿ."

"ಯಾರನ್ನಮ್ಮ? ಯಾರೂ ಬರೋದು ಬೇಡ," ಎಂದು ನಂತುಮೆ ಅವಳ ಭುಜ ಹಿಡಿದಳು. ಅಮ್ಮ ಕೊಸರಿಕೊಂಡು ಅವಳ ಕೈಯನ್ನು ಕಚ್ಚಿದಳು.

ನರ್ಸಮ್ಮ ಸಿರಿಂಜ್ ಕೆಳಗಿಟ್ಟರು. "ಆಗ ಹಾಗೇ ಇತ್ತಮ್ಮ," ಎಂದರು, ಯಾರ ಮುಖವನ್ನೂ ನೋಡದೆ. "ಬಸುರಿಯರ ರಕ್ತದಲ್ಲಿ ಇದು ಸಿಕ್ಕಿದ್ರೆ ಗಂಡನ್ನ ಕರ್ಕೊಂಡು ಬಾ, ಇಬ್ಬರಿಗೂ ಒಟ್ಟಿಗೇ ಅಂತ ಹೇಳಿ ಕಳಿಸ್ತಿದ್ವಿ. ಒಬ್ಬರಿಗೇ ಹಾಕಿದ್ರೆ ಮನೆಗೆ ಹೋಗಿ ಮತ್ತೆ ಅಂಟಿಸ್ಕೊಂಡು ಬರ್ತಾರೆ ಅಂತ. ಗಂಡ ಬರದೇ ಇದ್ದೋರು ತಾವೂ ಬರೋದು ಬಿಟ್ಟರು. ನಾವೂ ಹುಡುಕ್ಕೊಂಡು ಹೋಗ್ಲಿಲ್ಲ."

ನಂತುಮೆಗೆ ಆಗ ಎಂಟೋ ಒಂಬತ್ತೋ ವಯಸ್ಸು. ಅಮ್ಮ ದೊಡ್ಡ ಹೊಟ್ಟೆ ಹೊತ್ತು ಹೆಲ್ತ್ ಸೆಂಟರಿಗೆ ನಡೆದು ಹೋಗುವುದು, ಸಪ್ಪೆ ಮುಖ ಮಾಡಿಕೊಂಡು ಬರುವುದು, ಅಪ್ಪ ತಲೆ ಎತ್ತದೆ ಅಂಗಳದಲ್ಲಿ ಸೈಕಲ್ಲು ಒರೆಸುವುದು, ಎಲ್ಲ ನೆನಪಾಯಿತು. ಮಗು ಹುಟ್ಟುವಾಗಲೇ ಸತ್ತಿತ್ತು. ದೇವರು ಕರೆದುಕೊಂಡ ಎಂದು ಅಪ್ಪ ಪ್ರಾರ್ಥನೆ ಮಾಡಿಸಿದ್ದ. ಅಪ್ಪನನ್ನು ದ್ವೇಷಿಸಬೇಕು ಅನ್ನಿಸಿತು ಅವಳಿಗೆ, ಅದಕ್ಕೂ ಮೈಯಲ್ಲಿ ಕಸುವು ಸಾಲಲಿಲ್ಲ.

"ಯಾವ ಗಂಡನ ವಿಷ್ಯ ಇದು? ನನ್ನ ತಮ್ಮನ ಹೆಸರು ಇಲ್ಲಿಗ್ಯಾಕೆ ಬಂತು?" ಎಂದಳು ಯೂನಿಯಾ.

ಅಮ್ಮ ಎದ್ದು ಹೊರಟಳು. ಗಂಡ ಬರದೆ ಸೂಜಿ ಇಲ್ಲ ಎಂಬುದೊಂದೇ ಅವಳಿಗೆ ಗಟ್ಟಿಯಾಗಿ ನೆನಪಿತ್ತು. ಇವತ್ತು ಹಿಡಿದು ಕೆಡವಿ ಚುಚ್ಚಬಹುದು. ನಾಳೆ? ಎರಡು ವಾರವೂ?

ಅಷ್ಟರಲ್ಲಿ ಕಿಟಕಿಯ ಆಚೆ ಬೆನ್ನು ತಿರುಗಿಸಿ ನಿಂತಿದ್ದ ಲುಬೋವಾ ಬಾಗಿಲಿಗೆ ಬಂದ. ಅಳು ಕೇಳಿ ಮರದ ಕೆಳಗಿನಿಂದ ಯಾವಾಗ ಅಲ್ಲಿಗೆ ಬಂದಿದ್ದನೋ, ಎಲ್ಲವನ್ನೂ ಕೇಳಿಸಿಕೊಂಡಿದ್ದ. ಯೂನಿಯಾ ಅಡ್ಡ ನಿಂತಳು.

"ಅತ್ತೆ ಇರೋ ಕೋಣೆ ಅದು. ಇನ್ನೂ ಸಾಕಾಗಿಲ್ವಾ ನಿನಗೆ?"

"ಸಾಕಾಗಿದೆ ಸೆಂಗಾ," ಎಂದ ಲುಬೋವಾ. ಹೆಂಡತಿಯ ಸೋದರತ್ತೆಯನ್ನು ಕರೆಯುವ ಆ ಮಾತನ್ನು ಅವನು ಮರ್ಯಾದೆಯಿಂದಲೇ ಹೇಳಿದ. ಅವಳ ಪಕ್ಕದಿಂದ ನುಸುಳಿ ಒಳಗೆ ಬಂದು, ಹೆಲ್ಮೆಟ್ ತೆಗೆದಿಟ್ಟು, ಅತ್ತೆಯ ಕೈ ಹಿಡಿದು ಬೆಂಚಿನ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡ.

"ನಬ್ಬೋಸಾ, ಬಂದೆ ನಾನು."

ಅತ್ತೆಯನ್ನು ಹೆಸರು ಹಿಡಿದು ಕರೆದ ಅಳಿಯ ಆ ಸೀಮೆಯಲ್ಲಿ ಹಿಂದೆ ಒಬ್ಬನೂ ಇರಲಾರ. ಅಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಬಂದ್ರಾ," ಎಂದಳು. "ಸೂಜಿ ಬೇಡ ಅಂದಿದ್ರಿ."

"ತಪ್ಪಾಯ್ತು. ಹಾಕಿಸ್ಕೋತೀನಿ. ಮೊದಲು ನಿನ್ನದಾಗ್ಲಿ."

ನರ್ಸಮ್ಮ ಮತ್ತೇನೂ ಕೇಳದೆ ಸಿರಿಂಜ್ ಎತ್ತಿಕೊಂಡರು. ಅಮ್ಮ ತಾನಾಗಿಯೇ ಉಡುಪು ಸಡಿಲಿಸಿ ಪಕ್ಕಕ್ಕೆ ಒರಗಿದಳು. ಲುಬೋವಾ ಕೈ ಬಿಡದೆ ಮುಖವನ್ನು ಗೋಡೆಗೆ ತಿರುಗಿಸಿ ಕಣ್ಣು ಮುಚ್ಚಿಕೊಂಡ. ನಡುಗುವ ಕೈಯ ಜೊತೆ ಅವನ ಕೈಯೂ ಅಲುಗುತ್ತಿತ್ತು.

"ನೀವು ಆವತ್ತೇ ಬಂದಿದ್ರೆ ಮಗು ಉಳೀತಿತ್ತು," ಎಂದಳು ಅಮ್ಮ. ಸಿಟ್ಟಿರಲಿಲ್ಲ ದನಿಯಲ್ಲಿ.

"ಹೌದು, ಉಳೀತಿತ್ತು," ಎಂದ ಅವನು ಗೋಡೆಯ ಕಡೆಗೇ. "ನನ್ನದೇ ತಪ್ಪು."

ಯೂನಿಯಾ ಮಟೋಕೆಯ ಗಂಟನ್ನು ನೆಲದ ಮೇಲಿಟ್ಟು ಹೊರಗೆ ಹೋದಳು. ಅವಳು ಊರಿಗೆ ಹೋಗಿ ಯಾವುದನ್ನು ಹೇಳುತ್ತಾಳೆ, ಯಾವುದನ್ನು ಬಿಡುತ್ತಾಳೆ ಎಂಬುದರಲ್ಲಿ ನಂತುಮೆಗೆ ಅನುಮಾನವೇ ಇರಲಿಲ್ಲ. ಅಳಿಯ ಅತ್ತೆಯ ಕೈ ಹಿಡಿದದ್ದು ಕತ್ತಲಾಗುವುದರೊಳಗೆ ಎಲ್ಲರಿಗೂ ತಿಳಿಯುತ್ತದೆ. ನಂತುಮೆ ಗೋಡೆಗೊರಗಿ ಕುಸಿದು ಕೂತು, ವರ್ಷದಲ್ಲಿ ಮೊದಲ ಸಲ, ಅತ್ತಳು.

ನರ್ಸಮ್ಮ ಹತ್ತಿ ಒತ್ತಿ ಹಿಡಿದು ನಂತುಮೆಯತ್ತ ತಿರುಗಿದರು.

"ನಾಳೆ ಇದೇ ಹೊತ್ತಿಗೆ," ಎಂದರು. "ಗಂಡನ್ನೂ ಕರ್ಕೊಂಡು ಬನ್ನಿ."